ಸಹಾಯ ಬೇಕು: ಕನ್ವೇಯರ್ ಬೆಲ್ಟ್ ಎಡಕ್ಕೇ ಸರಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಸಣ್ಣ ಕಾಫಿ ಕ್ಯೂರಿಂಗ್ ಘಟಕದಲ್ಲಿ ನಾನು ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತೇನೆ. ಹಲ್ಲರ್‌ನಿಂದ (ಸಿಪ್ಪೆ ಬಿಡಿಸುವ ಯಂತ್ರ) ಗ್ರೇಡರ್‌ಗೆ (ಗಾತ್ರದಂತೆ ಬೇರ್ಪಡಿಸುವ ಯಂತ್ರ) ಬೀಜ ಸಾಗಿಸುವ 6 ಮೀಟರ್ ಉದ್ದದ ರಬ್ಬರ್ ಬೆಲ್ಟಿಗೆ ಎರಡು ತುದಿಗಳನ್ನು ಸೇರಿಸುವ ಹೊಸ ಜೋಡಣೆ ಹಾಕಿಸಿದ ಮೇಲೆ ಅದು ಎಡಕ್ಕೆ ಸರಿದು ಚೌಕಟ್ಟಿಗೆ ಉಜ್ಜುತ್ತಿದೆ. ಅಂಚಿನ ನೂಲು ಬಿಚ್ಚಿಕೊಂಡು ಹಳೆಯ ಬ್ರಷ್ಷಿನ ಎಳೆಗಳಂತೆ ನಿಂತಿದೆ.

ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುತ್ತದೆಯೋ ಬೆಲ್ಟ್ ಆ ಕಡೆಗೇ ವಾಲುತ್ತದೆಂಬುದನ್ನು ಗಮನದಲ್ಲಿಟ್ಟುಕೊಂಡು, ಬೆಲ್ಟ್ ಬಿಗಿಮಾಡುವ ಟೆನ್ಷನ್ ಬೋಲ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿನಷ್ಟೇ ತಿರುಗಿಸಿ ನೋಡಿದೆ. ರೋಲರಿಗೆ ಅಂಟಿದ್ದ ಹೊಟ್ಟು ಮತ್ತು ದೂಳನ್ನೂ ಕೆರೆದು ತೆಗೆದೆ. ಆದರೂ ಬೆಲ್ಟಿನ ಒಂದೇ ಭಾಗ ಪ್ರತಿ ಸುತ್ತಿನಲ್ಲೂ ಎಲ್ಲ ರೋಲರುಗಳ ಮೇಲೂ ಎಡಕ್ಕೇ ಹೋಗುವುದರಿಂದ ದೋಷ ರೋಲರಿನದಲ್ಲ, ಜೋಡಣೆಯೇ ಓರೆಯಾಗಿದೆ ಎಂದು ನನ್ನ ಅನುಮಾನ. ಅದನ್ನು ಕತ್ತರಿಸಿ ಮತ್ತೆ ಹಾಕಿಸುವ ಮೊದಲು, ಅಂಚೇ ಸವೆದಿರುವಾಗ ಕತ್ತರಿಸುವ ಗೆರೆಯ ಲಂಬಕೋನವನ್ನು ಎಲ್ಲಿಂದ ಅಳೆಯಬೇಕು?

ಇನ್ನೊಂದು ಚಿಂತೆ ಇದಕ್ಕಿಂತ ದೊಡ್ಡದು. ಬೋಲ್ಟ್ ತಿರುಗಿಸುವಾಗ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಆದರೆ ಬೆಲ್ಟ್ ಸರಿಯುವುದನ್ನು ನೋಡಲು ಅದು ಓಡುತ್ತಿರಲೇಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್ನಿನಂತೆ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಬೇಕಿತ್ತು. ಬೆಲ್ಟ್ ರೋಲರಿನೊಳಗೆ ಸೇರುವ ಬಾಯಿಗೆ ಹಾಕಿದ ಜಾಲರಿಯನ್ನು ತೆಗೆಯದೆಯೇ ಒಳಗೆ ಕಾಣುವಂತೆ, ಬೋಲ್ಟು ಹೊರಗಿನಿಂದಲೇ ಸಿಗುವಂತೆ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಫೋಟೊ ಹಾಕಿ.