ಪಾಠ ಬಿಟ್ಟು ವಸ್ತುಸಂಗ್ರಹಾಲಯದ ಕಡೆಗೆ ಹೊರಳಬಹುದೇ?

ಪ್ರಶ್ನೆ (ಕಲಬುರಗಿ)
ಬಹಮನಿ ಕಾಲದ ನೀರಾವರಿಯ ಮೇಲೆ ಪಿಎಚ್‌.ಡಿ. ಮುಗಿಸಿ ಆರು ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ವರ್ಷವರ್ಷವೂ ಕಾಯುವುದು ಸಾಕಾಗಿದೆ. ಕಳೆದ ತಿಂಗಳು ವಿದ್ಯಾರ್ಥಿಗಳನ್ನು ಇಲ್ಲಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾತವಾಹನರ ಕಾಲದ ಶಿಲ್ಪದ ಮುಂದೆ ನಿಂತ ಹುಡುಗಿ, ‘ಮೇಡಂ, ಇಷ್ಟು ಭಾರದ ಕಲ್ಲನ್ನು ಹೇಗೆ ಎತ್ತಿದರು?’ ಎಂದಳು. ಶಾತವಾಹನರ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾನು ತಡವರಿಸಿದೆ. ಆದರೆ ಅಂದಿನಿಂದ ಸಂಗ್ರಹಾಲಯದ ಕೆಲಸವೇ ತಲೆಯಲ್ಲಿ ಕೂತಿದೆ. ಮೂವತ್ತಾರಕ್ಕೆ ಕ್ಯುರೇಟರ್ (ಸಂಗ್ರಹಾಲಯದ ವಸ್ತುಗಳನ್ನು ಕಾಪಾಡಿ, ಜನರಿಗೆ ವಿವರಿಸಿ ತೋರಿಸುವವರು) ಆಗಲು ಹೊರಡುವುದು ಹುಚ್ಚುತನವೇ?

ಉತ್ತರ 1 (ನಿವೃತ್ತ ಸಂಗ್ರಹಾಲಯ ಸಿಬ್ಬಂದಿ)
ತಂಗಿ, ಹುಚ್ಚುತನವಲ್ಲ, ಆದರೆ ಕಣ್ಣು ಬದಲಾಗಬೇಕು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಅಶೋಕನ ಶಾಸನವನ್ನೇ ನೋಡು. ದೇವಿಯ ಮೂರ್ತಿ ನಿಲ್ಲಿಸಲು ಆ ಕಲ್ಲಿನಲ್ಲಿ ಚೌಕ ತೂತು ಕೊರೆದಿದ್ದರು. ನಿನ್ನಂಥವರು ‘ಅಯ್ಯೋ, ಅಕ್ಷರ ಹೋಯಿತಲ್ಲ’ ಎನ್ನುತ್ತೀರಿ. ಕ್ಯುರೇಟರ್‌ಗೆ ಆ ತೂತೂ ಒಂದು ದಾಖಲೆ: ಚಕ್ರವರ್ತಿಯ ಮಾತು ದೇವಿಯ ಪೀಠವಾದ ಕಥೆ ಅದು. ಅದನ್ನು ಕಲ್ಲಿನ ಪಕ್ಕದ ಫಲಕಕ್ಕಾಗಿ ನಲವತ್ತು ಪದಗಳಲ್ಲಿ, ಏಳನೆಯ ತರಗತಿಯ ಹುಡುಗನಿಗೆ ತಿಳಿಯುವಂತೆ ಬರೆದು ನೋಡು. ಅಡಿಟಿಪ್ಪಣಿಗೆ ಜಾಗವಿಲ್ಲ.

ಉಳಿದದ್ದು ಗುಮಾಸ್ತಿಕೆ: ನೋಂದಣಿ ಪುಸ್ತಕ, ಅಳತೆ, ಬಿರುಕಿನ ಫೋಟೊ, ಗೆದ್ದಲು. ಬರೋಡಾ ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಸಂಗ್ರಹಾಲಯ ಶಾಸ್ತ್ರ ಕಲಿಸುತ್ತಿದ್ದಾರೆ. ಶುಲ್ಕ ಕಟ್ಟುವ ಮೊದಲು ನೇಮಕಾತಿ ಅಧಿಸೂಚನೆಯಲ್ಲಿ ವಯೋಮಿತಿ ಓದಿಕೋ. ಪಿಎಚ್‌.ಡಿ. ಇದೆ ಎಂದು ಅದನ್ನು ಸಡಿಲಿಸುತ್ತಾರೆಂದು ನಂಬಬೇಡ.

ಉತ್ತರ 2 (ಬೀದರ್)
ನಮ್ಮದು ಬಿದರಿ ಕೆಲಸದ ಮನೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು. ಒಂದು ಕಡೆ ಹಳೆಯ ಹುಕ್ಕಾ ಬುರುಡೆಯನ್ನು ಹೊಳೆಯಲೆಂದು ಹುಣಸೆಹಣ್ಣಿನಿಂದ ತಿಕ್ಕಿದ್ದರು. ಬೆಳ್ಳಿ ಮಿಂಚುತ್ತಿತ್ತು, ಕಪ್ಪು ಮಾತ್ರ ಬೂದು ತಿರುಗಿತ್ತು. ಆ ಕಪ್ಪು ಬರುವುದು ಕೋಟೆಯ ಮಣ್ಣು, ನವಸಾಗರ ಎಂಬ ಲವಣ ಕಲಸಿದ ನೀರಿನಿಂದ. ಅಕ್ಕಾ, ಓದಿದವರು ಸಂಗ್ರಹಾಲಯದ ಕೆಲಸಕ್ಕೆ ಬರಬೇಕು, ಆದರೆ ಮೊದಲು ಒಂದು ವಾರ ನಮ್ಮ ಅಂಗಡಿಯಲ್ಲಿ ಕೂರಿ. ನಾವಾದರೆ ತಿಂಗಳಿಗೊಮ್ಮೆ ಎಣ್ಣೆ ಸವರಿ ಒರೆಸುತ್ತೇವೆ, ಅಷ್ಟೇ.

ಉತ್ತರ 1
ಎಣ್ಣೆ ಮನೆಯ ಸಾಮಾನಿಗೆ ಸರಿ, ಅಣ್ಣಾ. ಸಂಗ್ರಹಾಲಯದಲ್ಲಿ ಧೂಳು ಹಿಡಿದು ಜಿಡ್ಡಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ನಮಸ್ಕಾರ. ಅಣ್ಣಾ, ದಸರಾ ರಜೆಯಲ್ಲಿ ಅಂಗಡಿ ತೆರೆದಿರುತ್ತದೆಯೇ?