ಇಂಗ್ಲಿಷಿನ ಹಳೆಯ ಕಾದಂಬರಿಗಳನ್ನು ಕೇಳಿ ಆಸ್ವಾದಿಸುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸುಂಟಿಕೊಪ್ಪದ ಓದುಗ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದೇನೆ. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು. ಪತ್ರಿಕೆ ಓದುವುದಕ್ಕೂ ಕಚೇರಿಯ ಪತ್ರವ್ಯವಹಾರಕ್ಕೂ ನನ್ನ ಇಂಗ್ಲಿಷ್ ಸಾಕಾಗುತ್ತದೆ. ಆದರೆ ಕಾಲೇಜಿನಲ್ಲಿ ಡಿಕನ್ಸ್, ಜೇನ್ ಆಸ್ಟಿನ್ ಮೊದಲಾದವರ ಕಾದಂಬರಿಗಳನ್ನು ಸಂಕ್ಷಿಪ್ತ ರೂಪದಲ್ಲಿ ಓದಿದಾಗಿನಿಂದ, ಅವುಗಳನ್ನು ಒಮ್ಮೆ ಪೂರ್ತಿಯಾಗಿ, ಬರೆದವರ ಮಾತಿನಲ್ಲಿಯೇ ತಿಳಿಯಬೇಕೆಂಬ ಆಸೆ ಉಳಿದುಕೊಂಡಿದೆ. ಕೊಯ್ಲಿನ ತಿಂಗಳುಗಳಲ್ಲಿ ತೂಕದ ಲೆಕ್ಕ, ಕಣದ ಮೇಲ್ವಿಚಾರಣೆ ಮುಗಿಸಿ ಮನೆ ಸೇರುವ ಹೊತ್ತಿಗೆ ಪುಸ್ತಕ ಹಿಡಿಯಲು ಕಣ್ಣು ಒಪ್ಪುವುದಿಲ್ಲ. ಆದ್ದರಿಂದ ಆಡಿಯೋ ಪುಸ್ತಕಗಳ ಕಡೆಗೆ ಮನಸ್ಸು ತಿರುಗಿದೆ.

ನನ್ನ ಮುಖ್ಯ ಸಂದೇಹವೆಂದರೆ ಆ ವಾಕ್ಯಗಳ ಉದ್ದ. ಪುಟದ ಮೇಲಾದರೆ ದಾರಿ ತಪ್ಪಿದಾಗ ಹಿಂದಕ್ಕೆ ಹೋಗಿ ಯಾರು ಏನು ಮಾಡಿದರೆಂದು ನೋಡಿಕೊಳ್ಳಬಹುದು. ಕಿವಿಗೆ ಬಿದ್ದ ಮಾತು ನಿಲ್ಲುವುದಿಲ್ಲ. ಶಿಕ್ಷಕರಾಗಿರುವ ನನ್ನ ಸ್ನೇಹಿತರೊಬ್ಬರು ಕೇಳುವುದನ್ನು ಓದು ಎಂದು ಒಪ್ಪುವುದೇ ಇಲ್ಲ. ಅವರ ಮಾತು ಸರಿಯೇ? ನನ್ನಂಥವನು ಯಾವ ಕೃತಿಯಿಂದ ಆರಂಭಿಸಬಹುದು? ನಮ್ಮ ತೋಟದಲ್ಲಿ ನೆಟ್‌ವರ್ಕ್ ಬಹಳ ದುರ್ಬಲವಾಗಿದೆ ಎಂಬುದನ್ನೂ ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ.

ಉತ್ತರ: ಮಡಿಕೇರಿಯ ಇಂಗ್ಲಿಷ್ ಉಪನ್ಯಾಸಕಿ

ನಿಮ್ಮ ಸ್ನೇಹಿತರ ಮಾತನ್ನು ನಾನು ಗೌರವದಿಂದಲೇ ಅಲ್ಲಗಳೆಯುತ್ತೇನೆ. ನೀವು ಹೆಸರಿಸಿರುವ ಕಾದಂಬರಿಗಳು ಹುಟ್ಟಿದ್ದೇ ಗಟ್ಟಿಯಾಗಿ ಓದಿ ಕೇಳಿಸುವ ಮನೆಗಳಲ್ಲಿ. 1813ರ ಜನವರಿಯ ಕೊನೆಯಲ್ಲಿ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯ ಮುದ್ರಿತ ಪ್ರತಿ ಜೇನ್ ಆಸ್ಟಿನ್ ಅವರ ಮನೆಗೆ ತಲುಪಿದ ದಿನ, ಊಟಕ್ಕೆ ಬಂದಿದ್ದ ನೆರೆಯ ಮಹಿಳೆಯೊಬ್ಬರಿಗೆ, ಬರೆದವರು ಯಾರೆಂದು ತಿಳಿಸದೆ, ಮನೆಯವರು ಮೊದಲ ಸಂಪುಟದ ಅರ್ಧವನ್ನು ಆ ಸಂಜೆಯೇ ಓದಿ ಹೇಳಿದರು. ಕೆಲವು ದಿನಗಳ ಬಳಿಕ ಅಕ್ಕ ಕಸಾಂಡ್ರಾಗೆ ಬರೆದ ಪತ್ರದಲ್ಲಿ ಜೇನ್, ತಾಯಿಯವರು ತೀರಾ ವೇಗವಾಗಿ ಓದುತ್ತಾರೆ, ಪಾತ್ರಗಳನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರೂ ಆ ಪಾತ್ರಗಳು ಮಾತನಾಡಬೇಕಾದ ರೀತಿಯಲ್ಲಿ ಮಾತನಾಡಿ ತೋರಿಸಲಾರರು ಎಂದು ಬೇಸರಪಡುತ್ತಾರೆ. ಒಳ್ಳೆಯ ವಾಚನ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಖಚಿತವಾದ ಅಳತೆಗೋಲು ನನಗೆ ತಿಳಿದಿಲ್ಲ.

ಡಿಕನ್ಸ್ ಅವರದಂತೂ ಇನ್ನೂ ಸ್ಪಷ್ಟವಾದ ಉದಾಹರಣೆ. ಅವರ ಕಾದಂಬರಿಗಳು ತಿಂಗಳಿಗೊಂದು ಅಥವಾ ವಾರಕ್ಕೊಂದು ಕಂತಾಗಿ ಹೊರಬರುತ್ತಿದ್ದವು. ಒಬ್ಬರು ಓದಿದರೆ ಮನೆಮಂದಿಯೆಲ್ಲ ಕೇಳುತ್ತಿದ್ದರು. 1853ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎ ಕ್ರಿಸ್ಮಸ್ ಕ್ಯಾರಲ್ ಕೃತಿಯನ್ನು ಸಾರ್ವಜನಿಕರ ಮುಂದೆ ಓದಿದ ಡಿಕನ್ಸ್, 1858ರಿಂದ ತಮ್ಮ ಮರಣದ ವರ್ಷವಾದ 1870ರವರೆಗೆ ಇಂತಹ ವಾಚನಗಳನ್ನು ಒಂದು ವೃತ್ತಿಯಾಗಿಯೇ ನಡೆಸಿದರು. ನಮಗೂ ಇದು ಅಪರಿಚಿತವಲ್ಲ. ಕುಮಾರವ್ಯಾಸನ ಭಾರತವನ್ನು ನಮ್ಮ ಹಿರಿಯರಲ್ಲಿ ಅನೇಕರು ಗಮಕಿಗಳ ಬಾಯಿಂದಲೇ ಪಡೆದರು, ಮತ್ತು ಅವರಿಗೆ ಭಾರತ ಗೊತ್ತಿಲ್ಲವೆಂದು ಯಾರೂ ಹೇಳುವುದಿಲ್ಲ. ಕೊಡಗಿನಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯದ ಜೊತೆ ಹಾಡುವ ಪಾಟ್‌ಗಳು, ಅಂದರೆ ಜನಪದ ಹಾಡುಗಳು, ನಡಿಕೇರಿಯಂಡ ಚಿಣ್ಣಪ್ಪನವರ ಸಂಗ್ರಹವಾಗಿ 1924ರಲ್ಲಿ ಅಚ್ಚಾಗುವ ಮೊದಲು ತಲೆಮಾರುಗಳ ಕಾಲ ಕಿವಿಯಲ್ಲಿಯೇ ಬದುಕಿದ್ದವು.

ಇನ್ನು ಉದ್ದ ವಾಕ್ಯಗಳ ವಿಷಯ. ನನ್ನ ವಿದ್ಯಾರ್ಥಿಗಳಲ್ಲಿ ನಾನು ಕಂಡಂತೆ, ಪುಟದಲ್ಲಿ ಎಡವಿಸುವ ವಾಕ್ಯವನ್ನು ನುರಿತ ಧ್ವನಿ ಬಿಡಿಸಿ ಕೊಡುತ್ತದೆ. ಉಪವಾಕ್ಯ ಬಂದಾಗ ಸ್ವರ ತಗ್ಗುತ್ತದೆ, ಮುಖ್ಯ ಮಾತಿಗೆ ಮರಳಿದಾಗ ಮತ್ತೆ ಏರುತ್ತದೆ. ಪ್ರೈಡ್ ಅಂಡ್ ಪ್ರೆಜುಡಿಸ್‌ನ 19ನೆಯ ಅಧ್ಯಾಯದಲ್ಲಿ ಕಾಲಿನ್ಸ್ ಎಲಿಜಬೆತ್‌ಳ ಮುಂದೆ ವಿವಾಹದ ಪ್ರಸ್ತಾಪವಿಡುವಾಗ, ತಾನು ಮದುವೆಯಾಗಲು ಇರುವ ಕಾರಣಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಮೌನವಾಗಿ ಓದುವ ವಿದ್ಯಾರ್ಥಿಗೆ ಅಲ್ಲಿ ಕಾಣುವುದು ಉದ್ದ ಮಾತ್ರ. ಅದನ್ನೇ ಕೇಳಿದ ತರಗತಿ ನಕ್ಕುಬಿಡುತ್ತದೆ, ಏಕೆಂದರೆ ಆ ಉದ್ದವೇ ಕಾಲಿನ್ಸ್‌ನ ಸ್ವಭಾವ.

ಎ ಕ್ರಿಸ್ಮಸ್ ಕ್ಯಾರಲ್‌ನಿಂದ ಆರಂಭಿಸಿ. ಐದೇ ಭಾಗಗಳಿವೆ, ಸುಮಾರು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ನಂತರ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕೇಳಿ. ವಾರದ ಕಂತುಗಳಿಗಾಗಿ ಬರೆದದ್ದರಿಂದ ಅದರ ಅಧ್ಯಾಯಗಳು ಒಂದು ಸಂಜೆಯ ಬಿಡುವಿಗೆ ಹೊಂದುತ್ತವೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಪಠ್ಯವನ್ನು ಎದುರಿಗಿಟ್ಟುಕೊಂಡು ಕೇಳುವುದು ಉತ್ತಮ.

ಉತ್ತರ: ಪೊನ್ನಂಪೇಟೆಯ ಬೆಳೆಗಾರ

ಮೇಡಂ ಅವರ ಮಾತುಗಳಲ್ಲಿ ಕೊನೆಯದನ್ನು ಮಾತ್ರ ನಾನು ಒಪ್ಪಲಾರೆ. ಪಠ್ಯ ಎದುರಿಗಿದ್ದರೆ ಕಣ್ಣು ಮುಂದೆ ಓಡುತ್ತದೆ, ಕಿವಿ ಹಿಂದೆ ಬೀಳುತ್ತದೆ. ಪ್ರಶ್ನೆ ಕೇಳಿದವರ ಕಣ್ಣು ಸಂಜೆಗೆ ದಣಿದಿರುತ್ತದೆ ಎಂಬುದನ್ನೂ ನಾವು ಮರೆಯಬಾರದು. ಅಧ್ಯಾಯವನ್ನು ಒಮ್ಮೆ ಕೇಳಿ, ಅರ್ಥವಾಗದ ಮಾತುಗಳನ್ನು ಹೋಗಲು ಬಿಟ್ಟು, ಮರುದಿನ ಅದೇ ಅಧ್ಯಾಯವನ್ನು ಮತ್ತೊಮ್ಮೆ ಕೇಳಿದರೆ ಎಷ್ಟೋ ಗಂಟುಗಳು ತಾವಾಗಿಯೇ ಸಡಿಲವಾಗುತ್ತವೆ. ಆಗಲೂ ಬಿಡಿಸಿಕೊಳ್ಳದ ಭಾಗಕ್ಕೆ ಮಾತ್ರ ಪಠ್ಯವನ್ನು ತೆರೆಯಿರಿ.

ಧ್ವನಿಮುದ್ರಿಕೆಗಳಿಗೆ ನಾನು ಆಶ್ರಯಿಸಿರುವುದು ಲಿಬ್ರಿವಾಕ್ಸ್ ಅನ್ನು. ಹ್ಯೂ ಮೆಗ್ವೈರ್ ಅವರು 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಆರಂಭಿಸಿದ ಈ ಯೋಜನೆಯಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದುತ್ತಾರೆ; ಕೇಳುವುದಕ್ಕೂ ಇಳಿಸಿಕೊಳ್ಳುವುದಕ್ಕೂ ಹಣವಿಲ್ಲ, ನೋಂದಣಿಯೂ ಬೇಕಿಲ್ಲ. ಸ್ವಯಂಸೇವಕರಾದ್ದರಿಂದ ಎಲ್ಲರ ವಾಚನವೂ ಒಂದೇ ಮಟ್ಟದಲ್ಲಿರುವುದಿಲ್ಲ. ಪ್ರಸಿದ್ಧ ಕೃತಿಗಳಿಗೆ ಹಲವು ಆವೃತ್ತಿಗಳಿವೆ. ಕೆಲವನ್ನು ಒಬ್ಬರೇ ಪೂರ್ತಿ ಓದಿದ್ದಾರೆ, ಕೆಲವನ್ನು ಹಲವರು ಅಧ್ಯಾಯಗಳನ್ನು ಹಂಚಿಕೊಂಡು ಓದಿದ್ದಾರೆ, ಇನ್ನು ಕೆಲವನ್ನು ಪಾತ್ರಕ್ಕೊಬ್ಬರಂತೆ ನಾಟಕದ ರೀತಿಯಲ್ಲಿ ಓದಿದ್ದಾರೆ. ಹೊಸಬರು ಒಬ್ಬರೇ ಓದಿರುವುದನ್ನು ಆರಿಸಿಕೊಳ್ಳಲಿ. ಒಂದು ಧ್ವನಿಗೆ ಕಿವಿ ಪಳಗಲು ಸಮಯ ಬೇಕು. ಅಧ್ಯಾಯಕ್ಕೊಮ್ಮೆ ಉಚ್ಚಾರಣೆ ಬದಲಾದರೆ ಆ ಶ್ರಮವೆಲ್ಲ ಮತ್ತೆ ಮೊದಲಾಗುತ್ತದೆ.

ನೆಟ್‌ವರ್ಕ್‌ನ ಚಿಂತೆ ಬೇಡ. 64 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಕಡತಕ್ಕೆ ಗಂಟೆಗೆ ಸುಮಾರು 29 ಎಂಬಿ ಸಾಕು. ಕುಶಾಲನಗರಕ್ಕೋ ಮಡಿಕೇರಿಗೋ ಹೋದಾಗ ಇಳಿಸಿಕೊಂಡರೆ ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿಯಲ್ಲಿಯೂ ಫೋನ್‌ನಿಂದಲೇ ಕೇಳಬಹುದು.

ಕೃತಿಯ ವಿಷಯದಲ್ಲಿ ನನ್ನ ಆಯ್ಕೆ ವಿಲ್ಕೀ ಕಾಲಿನ್ಸ್ ಅವರ ದಿ ಮೂನ್‌ಸ್ಟೋನ್. 1868ರಲ್ಲಿ ಡಿಕನ್ಸ್ ಅವರದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ಪೀಠಿಕೆ ನಡೆಯುವುದು 1799ರಲ್ಲಿ, ಶ್ರೀರಂಗಪಟ್ಟಣದ ಕೋಟೆ ಬಿದ್ದ ಸಮಯದಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಬೊಂಬಾಯಿ ಸೈನ್ಯ ಕೊಡಗನ್ನು ಹಾದು ಆ ಮುತ್ತಿಗೆಗೆ ಹೋದದ್ದು ನಮಗೆಲ್ಲ ತಿಳಿದ ಚರಿತ್ರೆ. ಕದ್ದ ವಜ್ರದ ಕಥೆಯನ್ನು ಒಬ್ಬರಾದ ಮೇಲೆ ಒಬ್ಬರಂತೆ ಮನೆಯ ಹಳೆಯ ಮುಖ್ಯ ಸೇವಕ, ಧರ್ಮಬೋಧೆಯ ಗೀಳಿನ ಮಹಿಳೆ, ವಕೀಲ, ವೈದ್ಯನ ಸಹಾಯಕ ಹೇಳುತ್ತಾ ಹೋಗುತ್ತಾರೆ. ಎಲ್ಲರೂ ನೇರವಾಗಿ ನಮ್ಮೊಡನೆ ಮಾತನಾಡುವ ಕಾರಣ ಕಿವಿಗೆ ಇದು ಬಹಳ ಹಿತ.

ಉತ್ತರ: ವಿರಾಜಪೇಟೆಯ ಕೇಳುಗ

ನನಗೆ ದೃಷ್ಟಿಯಿಲ್ಲ. ಕೇಳುವುದು ಓದೇ ಎಂಬ ಪ್ರಶ್ನೆಗೆ ನನ್ನಂಥವರ ಉತ್ತರವೂ ಇಲ್ಲಿ ದಾಖಲಾಗಲಿ. ಬ್ರಿಟನ್ನಿನಲ್ಲಿ 1935ರಲ್ಲಿ ಮಾತಾಡುವ ಪುಸ್ತಕಗಳ ಸೇವೆ ಆರಂಭವಾದದ್ದು ಅಂಧರಿಗಾಗಿ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಅಗತ್ಯ ಅದರ ಹಿಂದಿತ್ತು. ಗ್ರಾಮಫೋನ್ ತಟ್ಟೆಗಳಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಜೋಸೆಫ್ ಕಾನ್ರಾಡ್ ಅವರ ಟೈಫೂನ್ ಕೂಡ ಒಂದು. ಈಗ ಎಲ್ಲರೂ ಬಳಸುವ ಆಡಿಯೋ ಪುಸ್ತಕದ ಬೇರು ಅಲ್ಲಿದೆ. ನಾನು ಜೇನ್ ಏರ್ ಅನ್ನು ಕೇಳಿಯೇ ಬಲ್ಲೆ, ಅದರ ವಾಕ್ಯಗಳು ನನ್ನ ನೆನಪಿನಲ್ಲಿವೆ, ಅದರ ಬಗ್ಗೆ ಓದಿದವರೊಡನೆ ಸರಿಸಮನಾಗಿ ವಾದಿಸುತ್ತೇನೆ. ನಿಮ್ಮ ಸ್ನೇಹಿತರಿಗೆ ಇದನ್ನು ತಿಳಿಸಿ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿರಾಜಪೇಟೆಯ ಸರ್, ನಿಮ್ಮ ಮಾತನ್ನು ಸ್ನೇಹಿತರಿಗೆ ಖಂಡಿತ ತಲುಪಿಸುತ್ತೇನೆ. ಇನ್ನೊಂದು ಅನುಮಾನವಿದೆ. ಈ ಕಾದಂಬರಿಗಳಲ್ಲಿ ಹಳ್ಳಿಗರ, ಕೂಲಿಯವರ ಮಾತನ್ನು ವಿಚಿತ್ರ ಕಾಗುಣಿತದಲ್ಲಿ ಬರೆದಿರುತ್ತಾರೆ. ಪುಟದಲ್ಲಿಯೇ ಅರ್ಥವಾಗದ ಆ ಮಾತು ಕಿವಿಗೆ ಇನ್ನೂ ಕಷ್ಟವಾಗುವುದಿಲ್ಲವೇ?

ಉತ್ತರ: ಮಡಿಕೇರಿಯ ಇಂಗ್ಲಿಷ್ ಉಪನ್ಯಾಸಕಿ

ಬಹುಪಾಲು ಅದು ತದ್ವಿರುದ್ಧ. ಆ ಕಾಗುಣಿತವೆಲ್ಲ ಧ್ವನಿಯನ್ನು ಅಕ್ಷರದಲ್ಲಿ ಹಿಡಿಯುವ ಪ್ರಯತ್ನ. ಓದುವವರು ಅದನ್ನು ಮತ್ತೆ ಧ್ವನಿಯಾಗಿಸಿದಾಗ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನ ಕಮ್ಮಾರ ಜೋ ಎಷ್ಟು ಸರಳವಾಗಿ, ಎಷ್ಟು ಪ್ರೀತಿಯಿಂದ ಮಾತನಾಡುತ್ತಾನೆಂದು ತಿಳಿಯುತ್ತದೆ. ವದರಿಂಗ್ ಹೈಟ್ಸ್‌ನ ಮುದಿ ಸೇವಕ ಜೋಸೆಫ್ ಮಾತ್ರ ನಿಜವಾಗಿಯೂ ಕಷ್ಟ. ಅವನ ಯಾರ್ಕ್‌ಷೈರ್ ನುಡಿ ದಕ್ಷಿಣ ಇಂಗ್ಲೆಂಡಿನ ಓದುಗರಿಗೆ ಅರ್ಥವಾಗದೆಂದು 1850ರ ಆವೃತ್ತಿಯಲ್ಲಿ ಷಾರ್ಲಟ್ ಬ್ರಾಂಟೆ ತಂಗಿ ಎಮಿಲಿಯ ಕಾಗುಣಿತವನ್ನು ಸುಲಭಗೊಳಿಸಬೇಕಾಯಿತು. ಆ ಕಾದಂಬರಿಯನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಪೊನ್ನಂಪೇಟೆಯವರು ಶ್ರೀರಂಗಪಟ್ಟಣವನ್ನು ನೆನಪಿಸಿದ್ದರಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡ್ ತಲುಪಿದಾಗ ಡಿಕನ್ಸ್ ಅವರ ಬ್ಲೀಕ್ ಹೌಸ್ ತಿಂಗಳ ಕಂತುಗಳಾಗಿ ಬರುತ್ತಿತ್ತು. ಚಾನ್ಸರಿ ನ್ಯಾಯಾಲಯದಲ್ಲಿ ವರ್ಷಾನುಗಟ್ಟಲೆ ಎಳೆದಾಡುವ ಆಸ್ತಿಯ ದಾವೆಯೊಂದು ಆ ಕಾದಂಬರಿಯ ಕೇಂದ್ರ. ನಮ್ಮ ಅರಸನೂ ಈಸ್ಟ್ ಇಂಡಿಯಾ ಕಂಪನಿಯಿಂದ ಬರಬೇಕಾದ ಹಣಕ್ಕಾಗಿ ಅದೇ ಚಾನ್ಸರಿಯ ಮೆಟ್ಟಿಲೇರಿ, ಹಣ ಕಾಣದೆ ಲಂಡನ್ನಿನಲ್ಲಿಯೇ ತೀರಿಕೊಂಡ. ಇದನ್ನು ಬಲ್ಲ ಕೊಡಗಿನ ಕೇಳುಗರಿಗೆ ಮೊದಲ ಅಧ್ಯಾಯದ ಮಂಜು ಮುಸುಕಿದ ನ್ಯಾಯಾಲಯದ ವರ್ಣನೆ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಕ್ರಿಯಾಪದವೇ ಪೂರ್ಣವಾಗದ ಆ ವಾಕ್ಯಗಳನ್ನು ಯಾರಾದರೂ ನಿಧಾನವಾಗಿ ಓದಿ ಹೇಳಬೇಕು.

ಉತ್ತರ: ಪೊನ್ನಂಪೇಟೆಯ ಬೆಳೆಗಾರ

ಬ್ಲೀಕ್ ಹೌಸ್‌ಗೆ ಕೈ ಹಾಕುವವರಿಗೆ ಒಂದು ಸೂಚನೆ. ಅದರಲ್ಲಿ 67 ಅಧ್ಯಾಯಗಳಿವೆ, ಮೂವತ್ತು ಗಂಟೆಗಳನ್ನು ಮೀರುತ್ತದೆ, ಒಂದು ಜಿಬಿಯಷ್ಟು ಜಾಗ ಬೇಕಾಗುತ್ತದೆ. ಸರಿಸುಮಾರು ಅರ್ಧ ಕಥೆಯನ್ನು ಎಸ್ತರ್ ಎಂಬ ಹುಡುಗಿ ತಾನೇ ಹೇಳುತ್ತಾಳೆ, ಉಳಿದದ್ದನ್ನು ಹೆಸರಿಲ್ಲದ ನಿರೂಪಕ ಹೇಳುತ್ತಾನೆ. ಹಲವರು ಹಂಚಿಕೊಂಡು ಓದಿದ ಆವೃತ್ತಿಯಲ್ಲಿ ಎಸ್ತರ್‌ಳ ಧ್ವನಿ ಮತ್ತೆ ಮತ್ತೆ ಬದಲಾಗಿ ಈ ಎರಡು ನಿರೂಪಣೆಗಳ ವ್ಯತ್ಯಾಸ ಕಲಸಿಹೋಗುತ್ತದೆ. ಆದ್ದರಿಂದ ಇಳಿಸಿಕೊಳ್ಳುವ ಮೊದಲು ಓದಿದವರ ಹೆಸರುಗಳ ಪಟ್ಟಿಯನ್ನು ನೋಡಿ, ಎಸ್ತರ್ ಹೇಳುವ ಮೂರನೆಯ ಅಧ್ಯಾಯವನ್ನು ಹತ್ತು ನಿಮಿಷ ಕೇಳಿ, ಧ್ವನಿ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.