ಪದ ಬೇಕು, ಇವತ್ತೇ: ‘ಸೆಲ್ಫ್ ಅಸೆಂಬ್ಲಿ’

ಕಲಬುರಗಿಯಿಂದ:
ವಿಜ್ಞಾನ ಪ್ರದರ್ಶನದ ಫಲಕ ಸಂಜೆ ಐದಕ್ಕ ಅಚ್ಚಿಗೆ ಹೋಗ್ತದ. ವಿಷಯ, ಡಿಎನ್‌ಎ ಹಚ್ಚಿದ ಸಿಲಿಕಾನ್ ನ್ಯಾನೋತಂತಿಗಳು (ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು) ದ್ರಾವಣದೊಳಗ ತಾವಾಗೇ ಸಾಲಾಗಿ ಕೂಡೋದು. ಒಂದು ತಂತಿ ಮ್ಯಾಲ ಒಂದು ಎಳೆ, ಇನ್ನೊಂದರ ಮ್ಯಾಲ ಅದರ ಪೂರಕ ಎಳೆ, ಅಂದ್ರ ಅದಕ್ಕ ಹೊಂದಿ ಕೂಡೋ ಎಳೆ. ‘ಸ್ವಯಂಜೋಡಣೆ’ ಅಂತ ಬರೆದೀನಿ. ನಡೀತದೇನ್ರಿ?

ಬೀದರದಿಂದ:
ನಡಿಯಂಗಿಲ್ಲ. ಜೋಡಣೆ ಅಂದ್ರ ಜೋಡಿಸೋ ಕೈ ಬಂತು. ಬಿದ್ರಿ ತಾರ್ಕಶಿಯೊಳಗ ಉಳಿಯಿಂದ ಗೀರಿ, ಬೆಳ್ಳಿ ತಂತಿ ಇಟ್ಟು ಬಡೀತಾರ. ಅದು ಜೋಡಣೆ. ಇಲ್ಲಿ ಕೂಡಿಸೋರಿಲ್ಲ, ಕೂಡ್ತಾವ. ‘ತಾನ್ಕೂಡಿಕೆ’ ಅನ್ರಿ. ಮ್ಯಾಲ ‘ಸ್ವಯಂ’ ಸಂಸ್ಕೃತ, ‘ಜೋಡು’ ಮರಾಠಿ ಕಡೀದು.

ಯಾದಗಿರಿಯಿಂದ:
‘ತಾನ್ಕೂಡಿಕೆ’ ಯಾರ ಬಾಯಾಗೂ ಇಲ್ಲ. ‘ತಾರ್ಕಶಿ’ ಫಾರಸಿ, ಅದಕ್ಕಿಲ್ಲದ ಮಡಿ ‘ಜೋಡು’ಗ ಯಾಕ? ‘ತಂತಿ’ಯೂ ‘ತಂತ್ರೀ’ಯ ತದ್ಭವ. ‘ಅಣೆ’ ಬಂದಲ್ಲೆಲ್ಲ ಕೈ ಇರಬೇಕಂತಿಲ್ಲ: ‘ಬದಲಾವಣೆ’ ತಾನಾಗೂ ಆಗ್ತದ, ಮಾಡಿದರೂ ಆಗ್ತದ. ಅದರ ‘ಬದಲ್’ ಅರಬ್ಬಿ.

ಕೈ ಇಲ್ಲ ಅನ್ನೋದೂ ಅರ್ಧ ಖರೆ. ತಂತಿ ಮೈಮ್ಯಾಲ ತೆಳು ಆಕ್ಸೈಡ್ ಪದರ ಇರ್ತದ. ಅಲ್ಲಿ ಅಮೈನ್ (ನೈಟ್ರೋಜನ್ ಗುಂಪು) ಇರೋ ಸಿಲೇನ್ (ಆಕ್ಸೈಡಿಗೆ ಹತ್ತೋ ಸಿಲಿಕಾನ್ ಸಂಯುಕ್ತ) ಹಚ್ಚಿ, ಅದಕ್ಕ ಡಿಎನ್‌ಎ ಕಟ್ಟಬೇಕು. ನೀರಿನಂಶ ಹೆಚ್ಚಾದರ ಸಿಲೇನ್ ತನ್ನೊಳಗೇ ಗಂಟುಗಟ್ಟತದ. ಚಿನ್ನದ ಹನಿಯಿಂದ ಬೆಳೆಸಿದ ತಂತಿಯ ತುದಿಯೊಳಗ ಚಿನ್ನ ಉಳೀತದ, ಥಯಾಲ್ (ಚಿನ್ನಕ್ಕ ಹತ್ತೋ ಗಂಧಕದ ಗುಂಪು) ಇರೋ ಡಿಎನ್‌ಎ ಅಲ್ಲೇ ಹಿಡೀತದ. ತುದಿಗೆ ತುದಿ ಕೂಡಬೇಕೋ ಮಗ್ಗುಲಿಗೆ ಮಗ್ಗುಲೋ ಅನ್ನೋದು ಇಲ್ಲೇ ತೀರ್ಮಾನ. ಡಿಎನ್‌ಎ ಮೈತುಂಬ ಋಣ ಆವೇಶ, ಉಪ್ಪು ಕಮ್ಮಿಯಾದರ ಎಳೆಗಳು ಒಂದನ್ನೊಂದು ದೂಡ್ತಾವ. ಮೆಗ್ನೀಸಿಯಂ ಅತಿಯಾದರ ಪೂರಕ ಅಲ್ಲದ್ದೂ ಅಂಟತದ. ಕಾಸಿ ನಿಧಾನ ಆರಿಸಬೇಕು. ಗಡಬಡಿಸಿದರ ಅಡ್ಡಾದಿಡ್ಡಿ ಕಚ್ಚಿದ್ದು ಬಿಡಿಸಿಕೊಳ್ಳೋಕ ಹೊತ್ತೇ ಸಿಗಂಗಿಲ್ಲ. 20 ಜೋಡಿ ಕ್ಷಾರಗಳ (ಎಳೆಯ ‘ಅಕ್ಷರ’ಗಳ) ಕೊಂಡಿ ಅಂದ್ರ ಉದ್ದ ಬರೀ 6.8 ನ್ಯಾನೋಮೀಟರ್, ತಂತಿ ಹಲವು ಮೈಕ್ರಾನ್, ಒಂದು ಮೈಕ್ರಾನ್ ಅಂದ್ರ ಸಾವಿರ ನ್ಯಾನೋಮೀಟರ್. ಅಂಥ ಗಿಡ್ಡ ಕೊಂಡಿ ಅಷ್ಟುದ್ದದ ತಂತಿ ಹಿಡೀಬೇಕು.

ಕಲಬುರಗಿಯಿಂದ:
ಉಪಕಾರ ಆತು. ಒಣಗಿಸಿದ ಮ್ಯಾಲಿನ ಚಿತ್ರದಾಗ ತಂತಿ ಎಲ್ಲಾ ಒಂದಕ್ಕೊಂದು ಅಂಟಿ ನಿಂತಾವ. ಅದಕ್ಕೇನು? ‘ಗುಚ್ಛ’?

ಯಾದಗಿರಿಯಿಂದ:
ಗುಚ್ಛ ಹೂವಿಗೆ. ನೀರು ಆರುವಾಗ ಅದರ ಮೇಲ್ಮೈ ಎಳೆತ ಸಾಲು ಕೆಡಿಸಿ ಕಟ್ಟು ಕಟ್ಟತದ. ಜೋಳದ ಕಣಿಕಿ ಕಟ್ಟಿದಂಗ. ‘ಸಿವುಡು’ ಅನ್ರಿ. ಅದಾಗಬಾರದಂದ್ರ ದ್ರವ ಇಂಗಾಲದ ಡೈಆಕ್ಸೈಡ್‌ನಾಗ ಕ್ರಾಂತಿಬಿಂದು (‘ಕ್ರಿಟಿಕಲ್ ಪಾಯಿಂಟ್’, ದ್ರವ-ಅನಿಲ ಭೇದ ಅಳಿಯೋ ಬಿಂದು) ದಾಟಿಸಿ ಒಣಗಿಸಬೇಕು.

ಬೀದರದಿಂದ:
ಸಿವುಡು ಒಪ್ಪಿದೆ. ‘ಕ್ರಾಂತಿಬಿಂದು’ ಒಪ್ಪಂಗಿಲ್ಲ.

ಕಲಬುರಗಿಯಿಂದ:
ತಲೆಬರಹ ಅಚ್ಚಿಗೆ ಹೋತು: ‘ತಾವಾಗಿ ಕೂಡುವ ನ್ಯಾನೋತಂತಿಗಳು’. ಚಿತ್ರದ ಕೆಳಗ ‘ಸಿವುಡುಗಟ್ಟಿದ ತಂತಿಗಳು’.

ಬೀದರದಿಂದ:
ನಾಮಪದ ಕೇಳಿ ಕ್ರಿಯಾಪದದಾಗ ಜಾರಿಕೊಂಡಿರಿ. ನಾಳೆ ಪಠ್ಯದ ಪದಸೂಚಿಗೆ ಏನು ಬರೀತೀರಿ?